ಚಪ್ಪಟೆ ಕೂರದ ತಾವರೆ

ನಮ್ಮೂರಿನಲ್ಲಿ ಹೆಣ್ಣು ನೋಡಲು ಬಂದವರ ಕೈಗೆ ಉಪ್ಪಿಟ್ಟಿನ ತಟ್ಟೆ ಕೊಡುವ ಮೊದಲೇ ಒಂದು ಮಾತು ಕೇಳುತ್ತಾರೆ: ಹುಡುಗನ ಬಿಡುಗೆ ಖರ್ಚಾಗಿದೆಯೋ, ಇನ್ನೂ ಇದೆಯೋ? ಖರ್ಚಾಗಿದೆ ಎಂದರೆ ಹುಡುಗಿಯ ತಾಯಿಯ ಮುಖ ಅರಳುತ್ತದೆ; ಇನ್ನು ಅವನು ತನ್ನ ಮಗಳ ಕೈ ಬಿಡುವಂತಿಲ್ಲವಲ್ಲ. ಇನ್ನೂ ಇದೆ ಎಂದರೆ, ಹುಡುಗ ಎಷ್ಟೇ ಸಂಭಾವಿತನಾಗಿ ಕಂಡರೂ ಒಳಮನೆಯಲ್ಲಿ ಗುಸುಗುಸು ಶುರುವಾಗುತ್ತದೆ. ಒಬ್ಬೊಬ್ಬರಿಗೆ ಜೀವಮಾನಕ್ಕೆ ಒಂದೇ ಬಿಡುಗೆ. ಹಿಡಿದದ್ದು ಯಾವುದೇ ಇರಲಿ, ಇನ್ನೊಬ್ಬರ ಎದುರು ಅದರ ಹೆಸರು ಹೇಳಿ ‘ಬಿಟ್ಟೆ’ ಎಂದರೆ ಮೈಯಿಂದ ಇಳಿದು ಹೋಗುತ್ತದೆ. ಮಿಕ್ಕಿದ್ದನ್ನೆಲ್ಲ ಮುಗಿಸಲೇಬೇಕು. ಮುಗಿಸದಿದ್ದರೆ ದಂಡ ಹಾಕುವವರು ಯಾರೂ ಇಲ್ಲ. ಕೈಗಳೇ ಕೇಳುವುದಿಲ್ಲ. ಹೊತ್ತಿಗೆ ಸರಿಯಾಗಿ ಅವು ಕೆಲಸದ ಕಡೆ ಎಳೆಯುತ್ತವೆ, ಮನುಷ್ಯರು ಹಿಂದೆ ಹೋಗುತ್ತಾರೆ.

ಹೀಗಾಗಿ ನಮ್ಮ ಜನ ಯಾವುದನ್ನೂ ಸುಮ್ಮಸುಮ್ಮನೆ ಶುರುಮಾಡುವುದಿಲ್ಲ. ಹಲಸಿನಹಣ್ಣಿಗೆ ಕತ್ತಿ ಹಾಕುವ ಮುಂಚೆ ಮನೆಯಲ್ಲಿ ತಿನ್ನುವವರು ಯಾರು ಯಾರು ಇದ್ದಾರೆಂದು ನೋಡಿಕೊಳ್ಳುತ್ತಾರೆ. ದಪ್ಪ ಕಾದಂಬರಿ ಕೈಗೆತ್ತಿಕೊಳ್ಳುವ ಮುಂಚೆ ಅದನ್ನು ಓದಿದವರ ಮನೆಗೆ ಹೋಗಿ, ನಡುವೆ ಎಲ್ಲಾದರೂ ಬೇಸರ ಬರುತ್ತದೆಯೇ ಎಂದು ವಿಚಾರಿಸುತ್ತಾರೆ. ನಮ್ಮ ಪಕ್ಕದ ಮನೆಯ ಪುಟ್ಟಗೌರಮ್ಮನವರು ಚಿಕ್ಕ ಹುಡುಗಿಯಾಗಿದ್ದಾಗ ಜ್ವರದ ಕಷಾಯವನ್ನು ಅರ್ಧ ಕುಡಿದು, ಅಜ್ಜಿಯ ಎದುರು ‘ಕಷಾಯ ಬಿಟ್ಟೆ’ ಎಂದು ಚೀರಿ ತಮ್ಮ ಬಿಡುಗೆಯನ್ನು ಕಳೆದುಕೊಂಡವರು. ಅಲ್ಲಿಂದ ಈಚೆಗೆ ಅವರು ಶುರುಮಾಡಿದ ಜಗಳವನ್ನೂ ಪೂರ್ತಿ ಮಾಡದೆ ಮಲಗಿದವರಲ್ಲ.

ನನ್ನದು ಹಾಗೇ ಇತ್ತು. ನಾನು ಮೊದಲಿಂದಲೂ ಅಂಜುಬುರುಕಿ. ನೂಲಿನ ಸೊಸೈಟಿಯಲ್ಲಿ ಲಡಿಗಳನ್ನು ತೂಗುವ ಕೆಲಸ ನನ್ನದು; ತೂಗಿ ಪಕ್ಕಕ್ಕಿಟ್ಟ ಮೇಲೂ ಮುಳ್ಳು ಸರಿಯಾಗಿ ನಿಂತಿತ್ತೇ ಎಂಬ ಅನುಮಾನ ಮನೆಯವರೆಗೂ ಬರುತ್ತದೆ. ದೊಡ್ಡವಳಾದ ಮೇಲೆ ಸಂಜೆ ಶಾಲೆಗೆ ಸೇರಿದೆ. ಲೆಕ್ಕದಲ್ಲಿ ಮತ್ತೆ ಮತ್ತೆ ಫೇಲಾದಾಗ ಜೊತೆಯವರೆಲ್ಲ, ‘ಇದಕ್ಕೇ ಖರ್ಚು ಮಾಡೇ, ಪೀಡೆ ತೊಲಗುತ್ತೆ’ ಎಂದರು. ಮನಸ್ಸಾಗಲಿಲ್ಲ. ಮುಂದೆ ಇದಕ್ಕಿಂತ ದೊಡ್ಡದು ಏನಾದರೂ ಬಂದರೆ ಎಂಬ ಹೆದರಿಕೆಯಲ್ಲೇ ಬೀಜಗಣಿತವನ್ನು ದಾಟಿದೆ.

ಅದಕ್ಕಿಂತ ದೊಡ್ಡದು ಬಂದಿದ್ದು ಚೂಡಾಮಣಿಯ ರೂಪದಲ್ಲಿ. ಅವಳು ನನ್ನ ತಂಗಿ. ಅವಳ ಬಿಡುಗೆ ಖರ್ಚಾಗಿದ್ದು ನನ್ನ ಮೇಲೆ.

ಆ ಜಗಳ ಯಾವುದಕ್ಕೆ ಶುರುವಾಯಿತೆಂದು ಕೇಳಿದರೆ ನಗಬೇಕು. ಹುಣಸೆಹಣ್ಣನ್ನು ಬಿಸಿನೀರಿನಲ್ಲಿ ನೆನೆಸಬೇಕೋ ತಣ್ಣೀರಿನಲ್ಲೋ ಎಂದು ಶುರುವಾದದ್ದು, ಅಮ್ಮ ಹಾಸಿಗೆ ಹಿಡಿದಾಗ ಯಾರು ಎಷ್ಟು ಮಾಡಿದರು ಎನ್ನುವಲ್ಲಿಗೆ ಹೋಯಿತು. ಬೇರೆ ಊರಿನ ಅಕ್ಕತಂಗಿಯರು ಇಂಥ ಹೊತ್ತಿನಲ್ಲಿ ಬಾಯಿಗೆ ಬಂದದ್ದು ಹೇಳಿ, ಮಾರನೆಯ ದಿನ ಒಂದೇ ತಟ್ಟೆಯಲ್ಲಿ ಮಂಡಕ್ಕಿ ತಿನ್ನುತ್ತಾರೆ. ಚೂಡಿಗೆ ಆ ಕ್ಷಣ ನಾವು ಯಾವ ಊರಿನವರು ಎನ್ನುವುದು ಮರೆತುಹೋಯಿತು. ಹಾಲಿನವಳು ಬಾಗಿಲಲ್ಲಿ ಚೊಂಬು ಹಿಡಿದು ನಿಂತಿದ್ದಳು. "ಹೋಗೇ, ಮಂಗಳಕ್ಕನ್ನ ಬಿಟ್ಟೆ ನಾನು!" ಎಂದಳು ಚೂಡಿ. ಹಾಲಿನವಳು ಅಯ್ಯೋ ಎಂದು ಬಾಯಿ ಮುಚ್ಚಿಕೊಂಡಳು. ನನ್ನ ತಂಗಿ ಒಮ್ಮೆ ನಿಟ್ಟುಸಿರು ಹಾಕಿ, ಸೆರಗು ಸರಿಮಾಡಿಕೊಂಡು, ದಾರಿ ಕೇಳಲು ಬಂದವಳ ಹಾಗೆ ನನ್ನನ್ನು ನೋಡಿದಳು. ಕಣ್ಣಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಾನು ಇಷ್ಟು ಅಳುತ್ತಿರಲಿಲ್ಲ.

ಆದರೂ ಪ್ರತಿ ಶುಕ್ರವಾರ ಸಂಜೆ ಅವಳು ನಮ್ಮ ಮನೆಗೆ ಬರುತ್ತಿದ್ದಳು. ನನ್ನನ್ನು ಕಳೆದುಕೊಂಡಿದ್ದಳೇ ಹೊರತು, ತಾವರೆಯನ್ನಲ್ಲ.

ತಾವರೆ ಎಂದರೆ ಕ್ರೋಶಾ ಕಡ್ಡಿಯಲ್ಲಿ ಹೆಣೆದ ಒಂದು ದುಂಡನೆಯ ಹಾಸು. ನಡುವಿನ ಅಂಗೈಯಗಲದ ಭಾಗವನ್ನು ಅಮ್ಮ ಹೆಣೆದು ತೀರಿಕೊಂಡಿದ್ದಳು. ಅವಳು ಕೂರುತ್ತಿದ್ದ ಕಿಟಕಿಯ ಪಕ್ಕದಲ್ಲಿ ಹಾಸೋಣವೆಂದು ಇಬ್ಬರೂ ಸೇರಿ ಮುಂದುವರಿಸಿದೆವು. ಒಂದು ಸುತ್ತು ನಾನು, ಒಂದು ಸುತ್ತು ಅವಳು. ಹೀಗೆ ಮಾಡಿ ಎಂದು ತೋರಿಸುವವರು ಇರಲಿಲ್ಲ. ನಡುವಿನ ಎಸಳುಗಳನ್ನು ನೋಡಿಕೊಂಡು ಹೊರಗಿನವನ್ನು ಊಹಿಸಿ ಹೆಣೆಯಬೇಕು. ಕೊನೆಯ ಸುತ್ತಿನಲ್ಲಿ ಎಸಳುಗಳ ತುದಿಗಳು ಒಂದಕ್ಕೊಂದು ತಾಗಿ, ಹಾಸು ನೆಲದ ಮೇಲೆ ಚಪ್ಪಟೆಯಾಗಿ ಕೂತರೆ ಮುಗಿದ ಹಾಗೆ. ಅದು ಕೂರುತ್ತಿರಲಿಲ್ಲ. ನನ್ನ ಕೈ ಬಿಗಿ. ನನ್ನ ಸುತ್ತು ಬಂದಾಗ ಅಂಚು ಬಟ್ಟಲಿನಂತೆ ಮೇಲೇಳುತ್ತಿತ್ತು. ಅವಳ ಕೈ ಸಡಿಲ. ಅವಳ ಸುತ್ತು ಬಂದಾಗ ಸುಟ್ಟ ಹಪ್ಪಳದ ಹಾಗೆ ಅಲೆಯಲೆಯಾಗುತ್ತಿತ್ತು. ಮೊದಮೊದಲು ಇದು ತೊಂದರೆಯೇ ಆಗಿರಲಿಲ್ಲ. ಹೆಣೆಯುವಾಗ ನಾನು ಅವಳ ಕೈ ನೋಡುತ್ತಿದ್ದೆ, ಅವಳು ನನ್ನ ಕೈ ನೋಡುತ್ತಿದ್ದಳು. ನಾನು ಒಂದಿಷ್ಟು ಸಡಿಲಿಸಿದರೆ ಅವಳು ಒಂದಿಷ್ಟು ಬಿಗಿ ಹಿಡಿಯುತ್ತಿದ್ದಳು. ಬಾಯಲ್ಲಿ ಊರಿನ ಮಾತು ನಡೆದೇ ಇರುತ್ತಿತ್ತು.

ಆಮೇಲೆ ಅವಳು ನನ್ನ ಕೈ ನೋಡುವುದನ್ನು ನಿಲ್ಲಿಸಿದಳು. ಬೇಕೆಂದು ಅಲ್ಲ. ಬಸ್ಸಿನಲ್ಲಿ ಪಕ್ಕ ಕೂತವರ ಕೈಯನ್ನು ಯಾರು ನೋಡುತ್ತಾರೆ?

"ಒಳಗೆ ಬರಬಹುದಾ, ಇವ್ರೇ?" ಎಂದು ಹೊಸ್ತಿಲ ಹೊರಗೆ ನಿಂತು ಕೇಳುತ್ತಿದ್ದಳು, ತಾನು ಹುಟ್ಟಿದ ಮನೆಯ ಹೊಸ್ತಿಲಿನಲ್ಲಿ. ಬನ್ನಿ ಎನ್ನುತ್ತಿದ್ದೆ. ನಾನೂ ಬಹುವಚನಕ್ಕೆ ಒಗ್ಗಿಕೊಂಡಿದ್ದೆ. ಒಮ್ಮೆ ‘ಬಾರೇ’ ಎಂದಿದ್ದಕ್ಕೆ ಅವಳು ಎಷ್ಟು ಮುಜುಗರಪಟ್ಟಳೆಂದರೆ, ಅವತ್ತೆಲ್ಲ ಅವಳ ಕೊಕ್ಕೆಗೆ ದಾರ ಸಿಕ್ಕಲೇ ಇಲ್ಲ. ಎದುರುಬದುರು ಕೂತು ಹೆಣೆಯುತ್ತಿದ್ದೆವು. ಕಾಫಿ ಕೊಟ್ಟರೆ ಕುಡಿಯುತ್ತಿದ್ದಳು, ಚೆನ್ನಾಗಿದೆ ಎನ್ನುತ್ತಿದ್ದಳು. ಸುತ್ತು ಮುಗಿಸಿ ನೆಲಕ್ಕೆ ಹಾಸಿ ನೋಡಿದರೆ ಒಂದು ಕಡೆ ಎದ್ದಿರುತ್ತಿತ್ತು. ಇಬ್ಬರೂ ಮಾತಿಲ್ಲದೆ ಬಿಚ್ಚುತ್ತಿದ್ದೆವು. ಮುಂದಿನ ಶುಕ್ರವಾರ ಮತ್ತೆ.

ಅವಳು ಹೋದ ಮೇಲೆ ಅವಳು ಕೂತಿದ್ದ ಚಾಪೆಯ ಬಿಸಿ ಆರುವವರೆಗೂ ನಾನು ಅದನ್ನು ಸುತ್ತಿಡುತ್ತಿರಲಿಲ್ಲ. ವಾರದ ಮಿಕ್ಕ ದಿನಗಳಲ್ಲಿ ಲಡಿ ತೂಗುತ್ತ, ಶುಕ್ರವಾರ ಅವಳಿಗೆ ಏನು ಹೇಳಬಹುದು ಎಂದು ಹುಡುಕುತ್ತಿದ್ದೆ. ಅಪರಿಚಿತರ ಹತ್ತಿರವೂ ಆಡಬಹುದಾದ, ಆದರೆ ಅವಳಿಗೆ ನಗು ತರಿಸುವಂಥ ಮಾತು. ಸಿಕ್ಕರೆ ಸಂತೋಷವಾಗುತ್ತಿತ್ತು. ಅವಳು ಸಭ್ಯವಾಗಿ ನಗುತ್ತಿದ್ದಳು.

ಇದನ್ನೆಲ್ಲ ಕಿಟಕಿಯಿಂದ ನೋಡುತ್ತಿದ್ದ ಪುಟ್ಟಗೌರಮ್ಮನವರಿಗೆ ತಡೆಯುತ್ತಿರಲಿಲ್ಲ. "ಅವಳು ನಿನ್ನ ಇಳಿಸಿ ಆರಾಮಾಗಿದಾಳೆ. ನೀನ್ಯಾಕೆ ಅವಳನ್ನ ಹೊತ್ಕೊಂಡು ತಿರುಗ್ತೀಯ? ಬಾ, ನನ್ನೆದುರಿಗೆ ಹೇಳು. ಒಂದೇ ಒಂದು ಮಾತು. ಚೂಡಾಮಣಿನ ಬಿಟ್ಟೆ ಅನ್ನು. ರಾತ್ರಿ ನಿದ್ದೆ ಬರುತ್ತೆ."

"ಹೇಳ್ತೀನಿ ಪುಟ್ಟಗೌರಮ್ಮನೋರೇ. ಅದಕ್ಕೇ ಅಂತಲೇ ಇಟ್ಕೊಂಡಿದೀನಿ."

"ಇಟ್ಕೊಂಡು ಉಪ್ಪಿನಕಾಯಿ ಹಾಕ್ತೀಯಾ?"

ಅದಕ್ಕೇ ಇಟ್ಟುಕೊಂಡಿದ್ದೆ ಎನ್ನುವುದು ಸುಳ್ಳಲ್ಲ. ಒಂದು ದಿನ ಇನ್ನು ಆಗುವುದೇ ಇಲ್ಲ ಅನ್ನಿಸಿದಾಗ ಹೇಳಿದರಾಯಿತು, ಆ ಬಾಗಿಲು ಇದೆ ಎನ್ನುವ ಧೈರ್ಯದಲ್ಲೇ ದಿನ ದೂಡುತ್ತಿದ್ದೆ. ಆದರೆ ಒಂದು ಅನುಮಾನ ಕಾಡುತ್ತಿತ್ತು. ಇಬ್ಬರು ಸೇರಿ ಹಿಡಿದದ್ದನ್ನು ಒಬ್ಬರು ಬಿಟ್ಟರೆ ಇನ್ನೊಬ್ಬರ ಕೈಯಿಂದಲೂ ಅದು ಜಾರುತ್ತದೆ; ಕುಂಬಾರಗೇರಿಯ ಅಣ್ಣತಮ್ಮಂದಿರು ಬಾವಿ ತೋಡುವಾಗ ಅಣ್ಣ ಬಿಟ್ಟೆ ಎಂದದ್ದಕ್ಕೆ, ಕೆಳಗಿದ್ದ ತಮ್ಮನೂ ಗುದ್ದಲಿ ಇಟ್ಟು ಮೇಲೆ ಹತ್ತಿ ಬಂದಿದ್ದ. ಹಾಗಿದ್ದರೆ ಅಕ್ಕತಂಗಿತನ ನನ್ನ ಮೈಯಿಂದ ಯಾಕೆ ಇಳಿಯಲಿಲ್ಲ? ನಾನು ಏನಾದರೂ ತಪ್ಪಾಗಿ ಹಿಡಿದಿದ್ದೇನೆಯೇ?

ಇದನ್ನು ಕೇಳಿದಾಗ ಪುಟ್ಟಗೌರಮ್ಮನವರು ಕಿಟಕಿಗೆ ಇನ್ನಷ್ಟು ಹತ್ತಿರ ಬಂದರು. "ಅವಳು ಹುಟ್ಟಿದ ದಿನ ನಾನಿದ್ದೆ," ಎಂದರು. "ನಿನ್ನ ಗೋಡೆಗೆ ಒರಗಿಸಿ ಕೂರಿಸಿ, ತೊಡೆ ಮೇಲೆ ಕೂಸನ್ನ ಮಲಗಿಸಿದ್ರು. ಅವಳಿನ್ನೂ ಕಣ್ಣೇ ಬಿಟ್ಟಿರ್ಲಿಲ್ಲ. ನೀನು ಅವಾಗ್ಲೇ ಶುರುಮಾಡಿದೆ ಕಣೆ. ಅದು ಸೇರಿ ಹಿಡಿದದ್ದಲ್ಲ. ನಿಂದೊಬ್ಬಳದ್ದೇ."

ಹೀಗಿರುವಾಗ ಚೂಡಿಯ ಗಂಡ ಗೋವರ್ಧನ ಒಂದು ಭಾನುವಾರ ನಮ್ಮ ಮನೆಗೆ ಬಂದರು. ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದವರು. ಎಷ್ಟು ತೊಳೆದರೂ ಹುಬ್ಬಿನಲ್ಲಿ ಒಂದಿಷ್ಟು ಹಿಟ್ಟು ಉಳಿದಿರುತ್ತಿತ್ತು. ಜಗಲಿಯ ಮೇಲೆ ಕೂತು, ಕೆಮ್ಮು ನಿಲ್ಲುವವರೆಗೆ ಕಾದು ಮಾತಾಡಿದರು.

"ಅತ್ತಿಗೆ, ಹೇಗೆ ಕೇಳೋದು ಅಂತ ಗೊತ್ತಾಗ್ತಿಲ್ಲ. ಡಾಕ್ಟ್ರು ಇನ್ನು ಹಿಟ್ಟಿನ ಧೂಳಿಗೆ ಹೋಗ್ಲೇಬೇಡಿ ಅಂದ್ರು. ಗಿರಣಿ ಮೇಲೆ ನನ್ನ ಬಿಡುಗೆ ಹಾಕಿ ಆಯ್ತು. ಗುಡ್ಡದಾಚೆ ನಮ್ಮಣ್ಣ ಸೇವಂತಿಗೆ ಬೆಳೀತಾನೆ, ಬಂದ್ಬಿಡಿ ಇಬ್ಬರೂ ಅಂತಾನೆ."

"ಹೋಗಿ ಮತ್ತೆ," ಎಂದೆ.

"ಹೋಗಿದ್ವಿ ಅತ್ತಿಗೆ. ಶುಕ್ರವಾರ ಮಧ್ಯಾಹ್ನ ಇವಳು ಕಾಣ್ಲಿಲ್ಲ. ಹುಡುಕ್ಕೊಂಡು ಬಂದ್ರೆ ರಸ್ತೇಲಿ ಈ ಕಡೆಗೆ ನಡೀತಿದಾಳೆ, ಚಪ್ಪಲೀನೂ ಹಾಕಿರ್ಲಿಲ್ಲ. ಅಳ್ತಿದ್ಲು. ನನ್ನ ಕೈ ಎಳೀತಿದೆ ರೀ, ನಾನೇನ್ ಮಾಡ್ಲಿ ಅಂತಾಳೆ." ಅವರು ತಲೆ ತಗ್ಗಿಸಿದರು. "ಅವಳ ಹತ್ರ ಇಲ್ಲ, ನನ್ನ ಹತ್ರ ಇಲ್ಲ. ಇರೋದು ನಿಮ್ಮ ಹತ್ರ ಒಂದೇ. ಕೇಳೋದು ತಪ್ಪು. ಕೇಳ್ತಿದೀನಿ."

ಅವರು ಹೋದ ಮೇಲೆ ಪುಟ್ಟಗೌರಮ್ಮನವರು ಕಿಟಕಿಯಿಂದಲೇ ಸಿಡುಕಿದರು. "ಕೊಡಬೇಡ! ಒಂದು ದಾರದ ಉಂಡೆಗೆ ಹಾಕ್ತಾರಾ ಯಾರಾದ್ರೂ? ನನ್ನ ನೋಡು, ಒಂದು ಲೋಟ ಕಷಾಯಕ್ಕೆ ಹಾಕಿ ಇಷ್ಟು ವರ್ಷ ಅನುಭವಿಸ್ತಿದೀನಿ. ಆ ಹಾಸನ್ನ ಮುಗಿಸಿ ಕೊಡು, ಇಬ್ರೂ ಬಿಡುಗಡೆ ಆಗ್ತೀರ. ನಿಂದು ನಿನ್ನ ಹತ್ರಾನೇ ಇರುತ್ತೆ."

ಇದು ನನಗೆ ಸರಿ ಕಂಡಿತು. ಮುಗಿಸಿದರೆ ಅವಳು ಹೋಗಬಹುದು. ಆಮೇಲೆ, ತಡೆಯಲಾಗದಿದ್ದರೆ, ಅವಳ ಮೇಲೆಯೇ ನನ್ನ ಬಿಡುಗೆ ಹಾಕಿ ನಾನೂ ಆರಾಮಾಗಬಹುದು. ಯಾರಿಗೂ ಅನ್ಯಾಯವಿಲ್ಲ. ಮುಂದಿನ ಶುಕ್ರವಾರ ನಾನು ಹೊಸದಾಗಿ ಕಲಿಯುವವಳ ಹಾಗೆ ಕೂತೆ. ಅವಳು ನನ್ನ ಕೈ ನೋಡದಿದ್ದರೆ ಬೇಡ; ನಾನೊಬ್ಬಳೇ ಇಬ್ಬರ ಪಾಲಿನದನ್ನೂ ನೋಡಿಕೊಂಡರಾಯಿತು. ಅವಳ ಸುತ್ತು ಎಷ್ಟು ಅಲೆಯಾಗುತ್ತದೋ ಅಳೆದು, ನನ್ನ ಸುತ್ತಿನಲ್ಲಿ ಅದನ್ನು ತಗ್ಗಿಸುತ್ತ ಹೋದೆ. ಉಸಿರು ಹಿಡಿದು ದಾರ ಎಳೆದೆ. ಕೆಲವು ವಾರಗಳಲ್ಲಿ ಹಾಸು ಬದಲಾಯಿತು. ಬಟ್ಟಲು ತಗ್ಗಿತು, ಅಲೆ ಇಳಿಯಿತು. ಎಸಳುಗಳು ಒಂದರ ಕಡೆಗೊಂದು ವಾಲಿದವು.

ಹೂ ಮಾರುವವಳು ಬೀದಿಯಲ್ಲಿ ಕೂಗಿಕೊಂಡು ಹೋಗುತ್ತಿದ್ದ ಒಂದು ಶುಕ್ರವಾರ, ಚೂಡಿ ತನ್ನ ಸುತ್ತು ಮುಗಿಸಿ ಹಾಸನ್ನು ನೆಲಕ್ಕೆ ಹರಡಿ ಅಂಗೈಯಿಂದ ಸವರಿದಳು.

"ನೋಡಿ, ಇವ್ರೇ! ಕೂರ್ತಿದೆ!"

ಅವಳ ದನಿ ಹಳೆಯದಾಗಿತ್ತು. ಗೋಲಿಯಾಟದಲ್ಲಿ ಗೆದ್ದಾಗ ಓಡಿ ಬಂದು ಹೇಳುತ್ತಿದ್ದ ದನಿ. ಕೆನ್ನೆಯ ಮೇಲೆ ಆ ಗುಳಿಯೂ ಬಿತ್ತು. ನಾನು ಹಾಸನ್ನು ನೋಡಲಿಲ್ಲ, ಅವಳನ್ನೇ ನೋಡುತ್ತ ಕೂತೆ.

"ನಿಮ್ಮದೊಂದು ಸುತ್ತು. ಮುಗೀತು," ಎಂದು ನನ್ನ ಕಡೆ ಸರಿಸಿದಳು.

ಶುರುಮಾಡಿದೆ. ಹೊರಗಡೆ ಜಗಲಿಯಲ್ಲಿ ಗೋವರ್ಧನ ಕೆಮ್ಮುತ್ತ ಅವಳಿಗಾಗಿ ಕಾಯುತ್ತಿದ್ದರು. ಎಸಳು ಎಸಳಾಗಿ ಸುತ್ತು ಬಂತು. ಚೂಡಿ ಮುಂದಕ್ಕೆ ಬಾಗಿ ಕೂತಿದ್ದಳು. ಇನ್ನೇನು ಕೆಲವು ಎಸಳು ಉಳಿದಿವೆ ಎನ್ನುವಾಗ ಅಂಚು ಮೆಲ್ಲಗೆ ತಲೆಯೆತ್ತಿತು. ನಾನು ದಾರವನ್ನು ಸಡಿಲಿಸಿದೆ ಎಂದುಕೊಂಡೆ. ಅದು ಇನ್ನಷ್ಟು ಎದ್ದಿತು. ಕೊನೆಯ ಎಸಳಿಗೆ ಬರುವಷ್ಟರಲ್ಲಿ ತಾವರೆ ಮತ್ತೆ ಬಟ್ಟಲಾಗಿತ್ತು.

"ಅಯ್ಯೋ," ಎಂದಳು ಚೂಡಿ, ಮೆಲ್ಲಗೆ. ಬೈಯಲಿಲ್ಲ. ಯಾರೋ ಒಬ್ಬರನ್ನು ಹೇಗೆ ಬೈಯುವುದು? "ಪರವಾಗಿಲ್ಲ, ಬಿಚ್ಚೋಣ" ಎಂದು ತುದಿ ಹಿಡಿದು ಎಳೆಯತೊಡಗಿದಳು. ಅವಳ ತೋರುಬೆರಳಿನ ಗೆಣ್ಣು ಊದಿತ್ತು. ಎಳೆಯುತ್ತ ನಡುವೆ ಒಮ್ಮೆ ನಿಲ್ಲಿಸಿ ಅದಕ್ಕೆ ಉಫ್ ಎಂದು ಗಾಳಿ ಊದಿಕೊಂಡಳು.

ನನ್ನ ಬೆರಳು ನೋಡಿಕೊಂಡೆ. ದಾರ ಒತ್ತಿ ಚರ್ಮದಲ್ಲಿ ಕೆಂಪು ಗೀರು ಬಿದ್ದಿತ್ತು. ಸಡಿಲಿಸಿದವರ ಬೆರಳಿನಲ್ಲಿ ಅಂಥ ಗೀರು ಬೀಳುವುದಿಲ್ಲ. ಬೇಕೆಂದು ಮಾಡಿದೆನೇ ಎಂದರೆ ಇಲ್ಲ ಎಂದು ಎಲ್ಲಿ ಬೇಕಾದರೂ ಹೇಳಬಲ್ಲೆ. ಆದರೆ ಆ ‘ಮುಗೀತು’ ಎನ್ನುವ ಮಾತು ಕಿವಿಗೆ ಬಿದ್ದಾಗಿನಿಂದ ನನ್ನ ಕೈ ಮುಗಿಸುವವರ ಪಕ್ಷದಲ್ಲಿರಲಿಲ್ಲ. ಇನ್ನು ಯಾವತ್ತೂ ಇರುವುದಿಲ್ಲ. ನಾನು ಎಷ್ಟು ಶುಕ್ರವಾರ ಶ್ರದ್ಧೆಯಿಂದ ಕೂತರೂ ಕೊನೆಯ ಎಸಳಿನಲ್ಲಿ ಇದು ಏಳುತ್ತದೆ, ಅವಳು ಬಿಚ್ಚುತ್ತಾಳೆ, ಹೊರಗೆ ಅವರು ಕೆಮ್ಮುತ್ತಾರೆ. ವಿನ್ಯಾಸ ಕಷ್ಟದ್ದು ಎನ್ನುವುದು ಒಂದು ಮಾತು. ಹೆಣೆಯುವವಳಿಗೇ ಅದು ಮುಗಿಯುವುದು ಬೇಡವಾದ ಮೇಲೆ ಕಡ್ಡಿ ಹಿಡಿದು ಕೂರುವುದಕ್ಕೆ ಹೆಣಿಗೆ ಎನ್ನಲಾಗುವುದಿಲ್ಲ. ಅದು ಒಬ್ಬಳ ಸೆರಗು ಹಿಡಿದು ನಿಲ್ಲಿಸಿಕೊಂಡ ಹಾಗೆ.

ಕಿಟಕಿಯ ಹತ್ತಿರ ಹೋಗಿ ಕೂಗಿದೆ. "ಪುಟ್ಟಗೌರಮ್ಮನೋರೇ, ಒಂದ್ನಿಮಿಷ ಬನ್ನಿ."

"ಸೊಪ್ಪು ಬಿಡಿಸ್ತಿದೀನಿ ಕಣೆ, ಮುಗೀದೆ ಏಳೋಕಾಗಲ್ಲ!"

"ತಗೊಂಡೇ ಬನ್ನಿ."

ಮೊರವನ್ನು ಸೊಂಟಕ್ಕೆ ಒತ್ತಿಕೊಂಡು, ನಡೆಯುತ್ತಲೇ ದಂಟಿನ ಸೊಪ್ಪು ಬಿಡಿಸುತ್ತ ಬಂದರು. ನನ್ನ ಮುಖ ನೋಡಿದ ಕೂಡಲೇ ಅವರ ಬೆರಳೂ ನಿಧಾನವಾಯಿತು. "ಇವತ್ತೇನಾ?" ಎಂದರು. "ಯಾವುದನ್ನ?" ಚೂಡಿ ಎಳೆದ ದಾರವನ್ನು ಉಂಡೆ ಸುತ್ತುತ್ತ ನಮ್ಮಿಬ್ಬರನ್ನೂ ನೋಡುತ್ತಿದ್ದಳು, ಮನೆಯವರ ಮಾತಿನ ನಡುವೆ ಸಿಕ್ಕಿಕೊಂಡ ಅತಿಥಿಯಂತೆ.

ಅವಳ ಹೆಸರು ನಾಲಿಗೆಯ ಮೇಲೇ ಇತ್ತು. ಅಷ್ಟು ವರ್ಷ ಅಭ್ಯಾಸ ಮಾಡಿದ ಮಾತು. ಅದನ್ನು ಹೇಳಿದ್ದರೆ ಇವತ್ತು ರಾತ್ರಿಯೇ ನಿದ್ದೆ ಬರುತ್ತಿತ್ತು, ಶುಕ್ರವಾರಗಳು ಬರೀ ಶುಕ್ರವಾರಗಳಾಗುತ್ತಿದ್ದವು, ನಾವಿಬ್ಬರೂ ಅಪರಿಚಿತರಾಗಿ ಸಾಯುವವರೆಗೂ ಎದುರುಬದುರು ಕೂತು ಹೆಣೆಯಬಹುದಿತ್ತು.

"ಆಮೇಲೆ ಇನ್ನೊಂದಿಲ್ಲ ಮಂಗಳಾ," ಎಂದರು ಪುಟ್ಟಗೌರಮ್ಮ. "ಯೋಚನೆ ಮಾಡಿದೀಯಾ? ಅವಳು ಹೋಗ್ತಾಳೆ. ನಿಂಗೆ ಅವಳನ್ನ ಇಳಿಸೋಕೂ ಆಗಲ್ಲ."

"ಮಾಡಿದೀನಿ," ಎಂದೆ. ಮಾಡಿರಲಿಲ್ಲ. ಯೋಚನೆ ಮಾಡುತ್ತ ಕೂತಿದ್ದರೆ ನನ್ನಂಥವಳಿಂದ ಆಗುತ್ತಲೂ ಇರಲಿಲ್ಲ. "ಅಮ್ಮ ಹಿಡಿದ ಈ ತಾವರೆಯನ್ನು ಬಿಟ್ಟೆ."

ಏನೂ ಸದ್ದಾಗಲಿಲ್ಲ. ಭುಜದಿಂದ ಬೆರಳಿನ ತುದಿಯವರೆಗೆ ಏನೋ ಒಂದು ಇಳಿದುಹೋಯಿತು, ಒದ್ದೆ ಬಟ್ಟೆಯ ಬಕೀಟನ್ನು ಕೆಳಗಿಟ್ಟ ಹಾಗೆ. ಎದುರಿಗೆ ಚೂಡಿ ತನ್ನ ಕೈಗಳನ್ನು ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡಳು. ಉಂಡೆ ಅವಳ ತೊಡೆಯಿಂದ ಉರುಳಿ ಬಾಗಿಲವರೆಗೂ ಹೋಯಿತು. ಅದನ್ನು ಹಿಡಿಯಲು ನಮ್ಮಿಬ್ಬರಲ್ಲಿ ಯಾರ ಕೈಯೂ ಮುಂದಾಗಲಿಲ್ಲ. ಪುಟ್ಟಗೌರಮ್ಮನವರು ಏನೂ ತೋಚದೆ, ನೆಲದ ಮೇಲಿದ್ದ ಹಾಸಿನ ಮೇಲೇ ಕೂತು ಉಳಿದ ಸೊಪ್ಪನ್ನು ಅದರ ಮೇಲೆ ಹರವಿ ಬಿಡಿಸತೊಡಗಿದರು. ಯಾರೂ ಬೇಡವೆನ್ನಲಿಲ್ಲ.

"ಕೈ ಹಗುರ ಆಯ್ತು," ಎಂದಳು ಚೂಡಿ. ಎದ್ದು ನಿಂತು ನನಗೆ ಕೈಮುಗಿದಳು. "ದೊಡ್ಡ ಉಪಕಾರ ಆಯ್ತು, ಇವ್ರೇ. ನಿಮಗೆ ನಷ್ಟ ಆಯ್ತೇನೋ."

"ಏನಿಲ್ಲ," ಎಂದೆ.

ಅವರು ಹೊರಡುವ ದಿನ ನಾನು ಸೊಸೈಟಿಗೆ ರಜೆ ಹೇಳಿ ಬಸ್‌ಸ್ಟ್ಯಾಂಡಿಗೆ ಹೋದೆ. ಕರೆದಿರಲಿಲ್ಲ. ದಾರಿಗೆಂದು ಮೊಸರನ್ನ ಕಟ್ಟಿ, ಕೊಡುವುದು ಅತಿಯಾಗುತ್ತದೋ ಏನೋ ಎಂದು ಚೀಲದಲ್ಲೇ ಇಟ್ಟುಕೊಂಡಿದ್ದೆ. ಕಲ್ಲಿನ ಬೆಂಚಿನ ತುದಿಯಲ್ಲಿ ಕೂತೆ. ಗೋವರ್ಧನ ಟ್ರಂಕುಗಳನ್ನು ಬಸ್ಸಿನ ಮೇಲೆ ಹಾಕಿಸುತ್ತಿದ್ದರು. ನನ್ನನ್ನು ಕಂಡು ಅಲ್ಲಿಂದಲೇ ತಲೆ ಬಾಗಿಸಿದರು. ಚೂಡಿ ಕಿಟಕಿಯ ಪಕ್ಕ ಕೂತು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು. ಕಣ್ಣು ನನ್ನ ಮೇಲೆ ಬಿತ್ತು. ಗುರುತು ಹಿಡಿದು ನಕ್ಕಳು, ಪರಿಚಯದವರನ್ನು ಊರಾಚೆ ಕಂಡಾಗ ನಗುವಂತೆ.

"ಬಿಸಿಲಲ್ಲಿ ಕೂತಿದೀರಲ್ಲ, ಯಾರಾದ್ರೂ ಬರೋರಿದಾರಾ?"

"ಹೌದು," ಎಂದೆ. "ನನ್ನ ತಂಗಿ."

"ಯಾವ ಬಸ್ಸಿಗೆ?"

"ಹೇಳಿಲ್ಲ."

"ಹಾಗಾದ್ರೆ ನೆರಳಿಗೆ ಕೂತ್ಕೊಳ್ಳಿ," ಎಂದಳು. ದನಿಯಲ್ಲಿ ನಿಜವಾದ ಕಾಳಜಿ ಇತ್ತು. ಇನ್ನೇನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಬಸ್ಸು ಕದಲಿತು. ಅವಳು ಕಿಟಕಿಯಿಂದ ಕೈ ಬೀಸಿದಳು. ನಾನೂ ಬೀಸಿದೆ. ಧೂಳು ಇಳಿದ ಮೇಲೆ ಎದ್ದು, ಅವಳು ಹೇಳಿದಂತೆ ನೆರಳಿನ ಕಡೆಗೆ ಸರಿದು, ಪಕ್ಕದಲ್ಲಿ ಇನ್ನೊಬ್ಬರು ಕೂರುವಷ್ಟು ಜಾಗ ಮಾಡಿಕೊಂಡು ಕೂತೆ.